ಹಳೇ ಗೋಡೆಗೆ ಸಿಮೆಂಟ್ ಕೂಡಿಬರಲಿಲ್ಲ

ಊರಿನ ನಮ್ಮ ಮನೆಯದು ಇಟ್ಟಿಗೆ, ಸುಣ್ಣದ ಗಾರೆಯ ಗೋಡೆ. ಹತ್ತು ವರ್ಷದ ಹಿಂದೆ ಕೆಳಗಡೆ ಮೂರಡಿ ಗಾರೆ ಉದುರಿತ್ತು. ಗಟ್ಟಿಯಾಗಿರಲಿ ಅಂತ ಅಷ್ಟಕ್ಕೂ ಸಿಮೆಂಟ್ ಹೊಡೆಸಿದೆವು. ಮೊನ್ನೆ ತಟ್ಟಿ ನೋಡಿದರೆ ಟೊಳ್ಳು ಸದ್ದು. ಒಂದು ಮೂಲೆ ಕಿತ್ತೆ. ಸಿಮೆಂಟ್ ಹಲಗೆಯ ಹಾಗೆ ಇಡಿಯಾಗಿ ಬಂತು, ಹಿಂದಿನ ಇಟ್ಟಿಗೆ ಮಾತ್ರ ರವೆಯಂತೆ ಬೆರಳಿಗೆ ಉದುರಿತು. ತೇವ ಸಿಮೆಂಟನ್ನೂ ದಾಟಿ ಮೇಲೇರಿತ್ತು.

"ಆ ಮೂಲೇಲಿ ವಾಸ್ತು ದೋಷ ಇದೆ ಕಣ್ರೀ" ಅಂದರು ಪಕ್ಕದ ಮನೆಯವರು. ಜಾತಕ ಕೂಡದೇ ಇದ್ದದ್ದು ಇಟ್ಟಿಗೆಗೂ ಸಿಮೆಂಟಿಗೂ!

ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಇಟ್ಟಿಗೆ ನೆಲದ ನೀರನ್ನು ಮೇಲಕ್ಕೆಳೆಯುತ್ತದೆ. ಸುಣ್ಣದ ಗಾರೆಯ ಸಣ್ಣ ಸಣ್ಣ ತೂತುಗಳಿಂದ ಆ ನೀರು ಆವಿಯಾಗಿ ಹೋಗುತ್ತದೆ, ಮಣ್ಣಿನ ಹೂಜಿ ಬೆವರುತ್ತದಲ್ಲ, ಹಾಗೆ. ಸಿಮೆಂಟ್ ಬಳಿಯುವುದೆಂದರೆ ಹೂಜಿಗೆ ಪ್ಲಾಸ್ಟಿಕ್ ಸುತ್ತಿದಂತೆ. ದಾರಿ ಕಟ್ಟಿತು, ನೀರು ಇನ್ನೂ ಮೇಲಕ್ಕೆ ಹತ್ತಿತು.

ನೀರಿಗಿಂತ ಜಾಸ್ತಿ ಕಾಟ ಉಪ್ಪಿನದು. ನೆಲದ ಉಪ್ಪು ನೀರಿನ ಜೊತೆ ಬಂದು, ನೀರು ಆರಿದ ಜಾಗದಲ್ಲಿ ಹರಳುಗಟ್ಟುತ್ತದೆ. ಬೆಳೆಯುವ ಹರಳು ಸುತ್ತಲಿನದನ್ನು ಒತ್ತಿ ಸೀಳುತ್ತದೆ, ಕೋಟೆಯ ಬಿರುಕಲ್ಲಿ ಅರಳಿ ಬೇರು ಮಾಡುವ ಕೆಲಸ ಅದು. ಗಾರೆ ಇದ್ದರೆ ಆ ಪೆಟ್ಟು ಗಾರೆಗೆ ಬೀಳುತ್ತದೆ. ಅದು ಉದುರಿ ಇಟ್ಟಿಗೆಯನ್ನು ಉಳಿಸುತ್ತದೆ. ಥೇಟ್ ಫ್ಯೂಸ್ ತಂತಿ. ಪದೇ ಪದೇ ಹೋಗುತ್ತೆ ಅಂತ ಫ್ಯೂಸಿಗೆ ದಪ್ಪ ತಂತಿ ಕಟ್ಟುವವರಿದ್ದಾರಲ್ಲ, ನಾವು ಗೋಡೆಗೆ ಮಾಡಿದ್ದೂ ಅದೇ.

ಸುಣ್ಣ ಅಂದರೆ ಮೆತ್ತಗೆ ಅಂತ ನಗಬೇಡಿ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ, ಅಂದರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ್ದು. ಆ ಪುಡಿಯ ಸಿಲಿಕಾ ಸುಣ್ಣದ ಜೊತೆ ಸೇರಿ ನೀರೊಳಗೂ ಗಟ್ಟಿಯಾಗುತ್ತದೆ. ಬರೀ ಸುಣ್ಣದ ಕಥೆ ಇನ್ನೂ ಮಜಾ. ಗೂಡಿನಲ್ಲಿ 900 ಡಿಗ್ರಿ ಹತ್ತಿರ ಕಾದಾಗ ಸುಣ್ಣದ ಕಲ್ಲು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ಗೋಡೆಗೆ ಬಂದ ಮೇಲೆ ಗಾಳಿಯಿಂದ ಅದನ್ನೇ ವಾಪಸ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ.

ಸಿಮೆಂಟ್ ಪೂರ್ತಿ ಕೀಳಿಸಿ ಇಟ್ಟಿಗೆ ಆರಲು ಬಿಟ್ಟಿದ್ದೇವೆ. ಗಾರೆ ಕಲಸಲು ಬರುವ ಮೇಸ್ತ್ರಿಯೊಬ್ಬರು ಸಿಕ್ಕಿದ್ದಾರೆ, ಎಪ್ಪತ್ತು ದಾಟಿದವರು. ಸುಣ್ಣ ಮೊದಲು ಚೆನ್ನಾಗಿ ನೆನೀಲಿ, ಆಮೇಲೆ ಕರೀರಿ ಅಂದಿದ್ದಾರೆ. ಅಷ್ಟರಲ್ಲಿ ಮನೆಯ ಹಳೇ ಫ್ಯೂಸ್ ತೆಗೆಸಿ ಎಂಸಿಬಿ ಹಾಕಿಸಿದೆವು. ಅದಕ್ಕೆ ಗೋಡೆಯ ತಕರಾರೇನೂ ಇಲ್ಲ.