ನಾಲ್ಕೇ ಸಾಲು ಸೇರಿಸಿದ್ದು ಸಾರ್

‘ಏನೂ ತೆಗೆದಿಲ್ಲ ಸಾರ್, ನಾಲ್ಕೇ ಸಾಲು ಸೇರಿಸಿದ್ದು.’ ಬೇರೆಯವರು ಬರೆದ ಕೋಡನ್ನು ಪರಿಶೀಲಿಸುವ ಕೋಡ್ ರಿವ್ಯೂಗೆ ಕೂತಾಗ ನನಗೆ ಅತಿ ಹೆಚ್ಚು ದಿಗಿಲು ಹುಟ್ಟಿಸುವ ಮಾತಿದು. ಏನು ಬದಲಾಯಿತೆಂದು ತೋರಿಸುವ ಡಿಫ್ ತೆರೆದರೆ ಎಲ್ಲ ಸೇರಿಸಿದ ಹಸಿರು ಸಾಲುಗಳೇ, ತೆಗೆದ ಕೆಂಪು ಸಾಲು ಒಂದೂ ಇಲ್ಲ. ಕೆಂಪಿಲ್ಲದ ಕಡೆ ಅಪಾಯವೂ ಇಲ್ಲವೆಂಬುದು ನಮ್ಮ ಕಸುಬಿನ ಮೂಢನಂಬಿಕೆ. ಬೆಕ್ಕು ಅಡ್ಡ ಬಂತೆಂದು ಮನೆಗೆ ವಾಪಸಾಗುವವರನ್ನು ಕಂಡು ನಗುವ ಎಂಜಿನಿಯರುಗಳೇ ಇದನ್ನು ನಂಬುತ್ತಾರೆ.

ಈ ಸಲ ನಮ್ಮ ತಂಡದ ಹುಡುಗನಿಂದ ಬಂದಿದ್ದು ಹತ್ತಾರು ಪ್ರೋಗ್ರಾಮುಗಳು ಹಂಚಿಕೊಂಡ ಕೋಡಿಗೆ, ಅಂದರೆ ಲೈಬ್ರರಿಗೆ, ಒಂದು ಹೊಸ ಆಪ್ಷನ್ (ಪ್ರೋಗ್ರಾಮ್ ಓಡಿಸುವಾಗ ಅದರ ಹೆಸರಿನ ಮುಂದೆ ಬರೆಯುವ ಸೂಚನೆ): ‘--ಕೀಪ್’. ಹಳೆಯ ಬ್ಯಾಕಪ್ ಪ್ರತಿಗಳಲ್ಲಿ ಎಷ್ಟನ್ನು ಉಳಿಸಬೇಕು ಎಂಬ ಸಂಖ್ಯೆ ಅದರ ಪಕ್ಕದಲ್ಲಿ ಬರಬೇಕು.

ಇಲ್ಲೊಂದು ಸೊಗಸಾದ ಗುಟ್ಟಿದೆ. ಇಂಥ ಆಪ್ಷನ್‌ಗಳನ್ನು ಓದಲು ನಮ್ಮ ಲೈಬ್ರರಿ ನೆಚ್ಚಿಕೊಂಡ, ಗ್ನೂ ಸಿ ಲೈಬ್ರರಿಯ ಗೆಟ್‌ಆಪ್ಟ್-ಲಾಂಗ್ ಉದ್ದದ ಆಪ್ಷನ್ನನ್ನು ಪೂರ್ತಿ ಬರೆಯಿರಿ ಎಂದು ಹಟ ಹಿಡಿಯುವುದಿಲ್ಲ. ‘--ವರ್ಬೋಸ್’ ಒಂದೇ ಇದ್ದರೆ ‘--ವರ್’ ಎಂದರೂ ಸಾಕು. ತರಗತಿಯಲ್ಲಿ ಮಂಜುನಾಥ ಒಬ್ಬನೇ ಇರುವ ತನಕ ‘ಮಂಜು’ ಎಂದು ಕೂಗಿದರೆ ಅವನೇ ಏಳುತ್ತಾನಲ್ಲ, ಹಾಗೆ. ಮಂಜುಳಾ ಬಂದು ಸೇರಿದಳೆನ್ನಿ. ಹಾಜರಿ ಪುಸ್ತಕದಲ್ಲಿ ಮಂಜುನಾಥನ ಸಾಲು ಇದ್ದ ಹಾಗೇ ಇದೆ, ಆದರೂ ಮೇಷ್ಟ್ರ ಕೂಗಿಗೆ ಈಗ ಇಬ್ಬರು ಏಳುತ್ತಾರೆ. ಅಥವಾ ‘ಬೀದಿಯ ಕೊನೇ ಮನೆ’ ಎಂಬ ವಿಳಾಸ ನೆನೆಸಿಕೊಳ್ಳಿ. ಅದರಾಚೆ ಹೊಸ ಮನೆ ಎದ್ದರೆ ಹಳೇ ಮನೆಯ ಒಂದು ಇಟ್ಟಿಗೆಯೂ ಅಲುಗುವುದಿಲ್ಲ, ಕಾಗದ ಮಾತ್ರ ಪಕ್ಕದವರಿಗೆ ಹೋಗುತ್ತದೆ.

ಇಬ್ಬರು ಎದ್ದು ನಿಂತರೆ ವಾಸಿ. ‘ಇದು ಅಸ್ಪಷ್ಟ’ ಎಂದು ಗೆಟ್‌ಆಪ್ಟ್ ತಕರಾರು ತೆಗೆಯುತ್ತದೆ, ನಮಗೂ ತಿಳಿಯುತ್ತದೆ. ಹೊಸ ಹುಡುಗನ ಪೂರ್ತಿ ಹೆಸರೇ ‘ಮಂಜು’ ಆಗಿದ್ದರೆ? ಅಕ್ಷರಶಃ ಹೊಂದುವ ಹೆಸರಿಗೇ ಮೊದಲ ಮಣೆ. ತಕರಾರೂ ಇಲ್ಲ, ಎಚ್ಚರಿಕೆಯೂ ಇಲ್ಲ.

ಮೂಲ ಗೆಟ್‌ಆಪ್ಟ್‌ಗೆ ಈ ಗೊಡವೆ ಇರಲಿಲ್ಲ. 1985ರಲ್ಲಿ ಡಲ್ಲಾಸ್‌ನ ಯುನಿಫೋರಂ ಸಮ್ಮೇಳನದಲ್ಲಿ ಎಟಿ ಅಂಡ್ ಟಿ ಕಂಪನಿ ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಾಗ ಅದು ಬಲ್ಲದ್ದು ಒಂದಕ್ಷರದ ಆಪ್ಷನ್‌ಗಳನ್ನಷ್ಟೇ. ಮೊಟಕು ಹೆಸರಿನ ಸುಖ ಗ್ನೂ ಉದ್ದ ಆಪ್ಷನ್‌ಗಳ ಜೊತೆಗೇ ಬಂತು. ಪೈಥಾನ್ ಭಾಷೆಯಲ್ಲಿ ಇದೇ ಕೆಲಸ ಮಾಡುವ ಆರ್ಗ್‌ಪಾರ್ಸ್ ಕೂಡ ಅದನ್ನು ಅಳವಡಿಸಿಕೊಂಡಿತು. ಬೇಡದವರಿಗಾಗಿ 2015ರ ಪೈಥಾನ್ 3.5 ಆವೃತ್ತಿಯಲ್ಲಿ ಅದನ್ನು ನಿಲ್ಲಿಸುವ ಸ್ವಿಚ್ಚೂ ಬಂತು. ತಮಾಷೆಯೆಂದರೆ, ಆ ಸ್ವಿಚ್ ಒತ್ತಿದರೆ ‘-ವಿ -ವಿ’ ಎಂಬುದನ್ನು ‘-ವಿವಿ’ ಎಂದು ಕೂಡಿಸಿ ಬರೆಯುವ, ಇದಕ್ಕೆ ಸಂಬಂಧವೇ ಇಲ್ಲದ ಸೌಕರ್ಯವೂ ಆರಿಹೋಗುತ್ತಿತ್ತು. ಅದು ಸರಿಹೋಗಿದ್ದು 3.8ರಲ್ಲಿ.

ನಮ್ಮ ‘--ಕೀಪ್’ಗೆ ಬರುತ್ತೇನೆ. ಲೈಬ್ರರಿಯನ್ನು ಬಳಸುವ ಪ್ರೋಗ್ರಾಮೊಂದರಲ್ಲಿ ಲಾಗ್ (ನಡೆದ ಕೆಲಸದ ದಾಖಲೆ) ಉಳಿಸಲು ‘--ಕೀಪ್-ಲಾಗ್ಸ್’ ಎಂಬ ಸ್ವಂತ ಆಪ್ಷನ್ ಇತ್ತು, ಅದಕ್ಕೆ ಪಕ್ಕದಲ್ಲಿ ಏನೂ ಬೇಕಿರಲಿಲ್ಲ. ದಿನಾ ರಾತ್ರಿ ಓಡುವ ಸ್ಕ್ರಿಪ್ಟಿನಲ್ಲಿ ಯಾರೋ ಸೋಮಾರಿ ಪುಣ್ಯಾತ್ಮ ‘ಬ್ಯಾಕಪ್ --ಕೀಪ್ ಫೋಟೋ ಲೆಕ್ಕ’ ಎಂದಷ್ಟೇ ಬರೆದಿಟ್ಟಿದ್ದ. ಲಾಗ್ ಉಳಿಸು, ಫೋಟೋ ಮತ್ತು ಲೆಕ್ಕದ ಫೋಲ್ಡರುಗಳ ಪ್ರತಿ ತೆಗೆ ಎಂದು ಅದರ ಅರ್ಥ. ಹೊಸ ಲೈಬ್ರರಿ ಹಾಕಿ, ಬೇರೊಂದು ಯಂತ್ರದಲ್ಲಿ ಅದೇ ಸಾಲು ಓಡಿಸಿದೆ. ‘--ಕೀಪ್’ ಪಕ್ಕದ ‘ಫೋಟೋ’ವನ್ನು ಸಂಖ್ಯೆಯೆಂದು ನುಂಗಿತು. ಸಂಖ್ಯೆ ಓದಲು ನಮ್ಮ ಹುಡುಗ ಬಳಸಿದ್ದು ಸಿ ಭಾಷೆಯ ಎಟುಐ. ಅಂಕಿಯೇ ಇಲ್ಲದ ಪದ ಕೊಟ್ಟರೆ ಅದು ತುಟಿಪಿಟಕ್ಕೆನ್ನದೆ ಸೊನ್ನೆ ಕೊಡುತ್ತದೆ. ಲೆಕ್ಕದ ಪ್ರತಿಯೊಂದೇ ತಯಾರಾಯಿತು, ಹಳೆಯ ಪ್ರತಿಗಳಲ್ಲಿ ಉಳಿದದ್ದು ಸೊನ್ನೆ. ಪ್ರೋಗ್ರಾಮ್ ಮಾತ್ರ ‘ಯಶಸ್ವಿ’ ಎಂದು ಹೇಳಿ ಮುಗಿಸಿತು.

ಹುಡುಗನನ್ನು ಕರೆದು ಪರದೆ ತೋರಿಸಿದೆ. ‘ಆ ಪ್ರೋಗ್ರಾಮನ್ನು ನಾನು ಮುಟ್ಟೇ ಇಲ್ಲವಲ್ಲ ಸಾರ್’ ಎಂದ. ಎಟುಐ ತೆಗೆದೆವು, ಆಪ್ಷನ್ನಿಗೆ ‘--ಕಾಪೀಸ್’ ಎಂದು ಹೆಸರಿಟ್ಟೆವು. ಆಮೇಲೆ ಲೈಬ್ರರಿ ಬಳಸುವ ಪ್ರೋಗ್ರಾಮುಗಳನ್ನೆಲ್ಲ ಪಟ್ಟಿಮಾಡಿಕೊಂಡು, ‘--ಕಾ’ ಎಂದು ಶುರುವಾಗುವ ಆಪ್ಷನ್ ಎಲ್ಲೆಲ್ಲಿದೆಯೆಂದು ಹುಡುಕಲು ಇಬ್ಬರೂ ಕೂತೆವು.