ದೊಡ್ಡ ಪ್ಯಾಕೇಜ್ ಬಂದರೆ ಬಿಸಿನೆಸ್ ಸ್ಕೂಲ್ ಮುಂದೆ ಬಂದಂತೆಯೇ?

ಓದುಗರ ಪ್ರಶ್ನೆ: ಮಗಳನ್ನು ಎಂಬಿಎಗೆ ಸೇರಿಸಬೇಕೆಂದಿದ್ದೇವೆ. ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್ ಒಂದರಲ್ಲಿ ವಿಚಾರಿಸಿದಾಗ ಐದು ವರ್ಷಗಳ ಯೋಜನೆ, ಆದ್ಯತೆಗಳು, ಪ್ರಗತಿ ಎಂದೆಲ್ಲ ಇರುವ ಚೆಂದದ ಪುಸ್ತಕ ಕೊಟ್ಟರು. ಸಂಸ್ಥೆ ನಿಜವಾಗಿ ಮುಂದೆ ಹೋಗುತ್ತಿದೆಯೇ ಎಂಬುದನ್ನು ನಮ್ಮಂಥವರು ತಿಳಿಯುವುದು ಹೇಗೆ?

ಉತ್ತರ: ಎಂಬಿಎ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿಯ ಫಲಿತಾಂಶ ಬಂದು, ಕಾಲೇಜು ಆರಿಸುವ ಆಪ್ಷನ್ ಎಂಟ್ರಿಯ ದಿನಗಳು ಹತ್ತಿರವಾದಂತೆ ಈ ಪ್ರಶ್ನೆ ಪ್ರತಿ ವರ್ಷವೂ ನನ್ನ ಬಳಿ ಬರುತ್ತದೆ. ಈ ಬಾರಿ ಗದಗದ ಓದುಗರು ಕೇಳಿದ್ದಾರೆ; ಕಳೆದ ವರ್ಷ ಹಾವೇರಿಯವರು ಕೇಳಿದ್ದರು; ಅದಕ್ಕೂ ಹಿಂದಿನ ವರ್ಷ ಧಾರವಾಡದಲ್ಲಿ ನಮ್ಮ ಓಣಿಯವರೇ ಮನೆಗೆ ಬಂದು ಕೇಳಿದ್ದರು. ಉತ್ತರ ಬದಲಾಗಿಲ್ಲ. ಆದರೂ ಮತ್ತೊಮ್ಮೆ ಪೂರ್ತಿಯಾಗಿ ಬರೆಯುತ್ತಿದ್ದೇನೆ, ಏಕೆಂದರೆ ಎಷ್ಟೇ ವಿವರಿಸಿದರೂ ಹೊರಡುವಾಗ ಹೆಚ್ಚಿನವರು ಹೇಳುವ ಮಾತು ಒಂದೇ: "ಅದೆಲ್ಲಾ ಇರ್ಲಿ ಬಿಡ್ರಿ ಸರ, ಅಲ್ಲಿ ಹದಿನಾಲ್ಕು ಲಕ್ಷದ ಪ್ಯಾಕೇಜ್ ಬಂದೈತಂತ. ಅಂದಮ್ಯಾಲ ಮುಂದ ಬಂದಂಗ ಅಲ್ಲೇನ್ರಿ?"

ಅಲ್ಲ. ಏಕೆ ಅಲ್ಲ ಎಂಬುದಕ್ಕೆ ಬರುತ್ತೇನೆ. ಮೊದಲು ಕೈಗೆ ಬಂದಿರುವ ಆ ಪುಸ್ತಕವನ್ನು ಓದುವ ರೀತಿಯನ್ನು ಹೇಳಿಬಿಡುತ್ತೇನೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಂದು ಉನ್ನತ ಶಿಕ್ಷಣ ಸಂಸ್ಥೆಯೂ ತನ್ನದೇ ಆದ ಅಭಿವೃದ್ಧಿ ಯೋಜನೆಯನ್ನು ಬರೆದಿಟ್ಟುಕೊಳ್ಳಬೇಕೆಂದು ಹೇಳಿದೆ. ಹಾಗಾಗಿ ಇಂಥ ಪುಸ್ತಕ ಇರುವುದೇ ಒಂದು ಹೆಚ್ಚುಗಾರಿಕೆಯಲ್ಲ. ಒಳಗಿರುವ ಆದ್ಯತೆಗಳೂ ಬಹುಪಾಲು ಎಲ್ಲೆಡೆ ಒಂದೇ: ಬೋಧನೆಯ ಗುಣಮಟ್ಟ, ಸಂಶೋಧನೆ, ಉದ್ಯಮಗಳ ಜೊತೆ ಸಂಬಂಧ, ವಿದ್ಯಾರ್ಥಿಗಳಿಗೆ ಉದ್ಯೋಗ, ಸುತ್ತಲಿನ ಸಮಾಜಕ್ಕೆ ಉಪಯೋಗ. ಇವುಗಳಲ್ಲಿ ಯಾವುದನ್ನೂ ಬೇಡವೆನ್ನುವವರಿಲ್ಲ. ಆದ್ದರಿಂದ ಆದ್ಯತೆಯ ಹೆಸರನ್ನು ಓದುವುದರಿಂದ ಏನೂ ತಿಳಿಯುವುದಿಲ್ಲ. ಆ ಹೆಸರಿನ ಕೆಳಗೆ ಇಂದು ನಾವು ಎಲ್ಲಿದ್ದೇವೆ ಎಂಬ ಅಂಕಿ ಇದೆಯೇ, ಯಾವ ವರ್ಷದೊಳಗೆ ಎಷ್ಟಕ್ಕೆ ತಲುಪುತ್ತೇವೆ ಎಂಬುದು ಇದೆಯೇ, ಅದಕ್ಕೆ ಹೊಣೆ ಯಾರು ಎಂಬುದು ಇದೆಯೇ ಎಂದು ನೋಡಬೇಕು.

ಇದನ್ನು ನಾನು ಅನುಭವದಿಂದ ಕಲಿತೆ. ಹಿಂದೆ ನಾನು ಪಾಠ ಮಾಡುತ್ತಿದ್ದ ಒಂದು ವಿಭಾಗದಲ್ಲಿ ಯೋಜನೆ ಬರೆಯುವ ಸಮಿತಿಯಲ್ಲಿದ್ದೆ. ಇಪ್ಪತ್ತಮೂರು ಆದ್ಯತೆಗಳನ್ನು ಬರೆದೆವು. ಇಂಟರ್ನ್‌ಶಿಪ್ ಕುರಿತ ಪುಟದಲ್ಲಿ "ಉದ್ಯಮ ಸಂಪರ್ಕವನ್ನು ಗಣನೀಯವಾಗಿ ಹೆಚ್ಚಿಸಲಾಗುವುದು" ಎಂದಿತ್ತು. ಆ ವರ್ಷ ಎಷ್ಟು ಮಂದಿ, ಎಷ್ಟು ವಾರ, ಎಲ್ಲಿ ಕೆಲಸ ಮಾಡಿದ್ದರು ಎಂಬುದನ್ನು ಯಾರೂ ಬರೆಯಲಿಲ್ಲ. ಮೂರು ವರ್ಷಗಳ ನಂತರ ಪರಿಷ್ಕೃತ ಪ್ರತಿ ಕೈಗೆ ಬಂದಾಗ ಅದೇ ಪುಟದಲ್ಲಿ ಅದೇ ವಾಕ್ಯವಿತ್ತು. ಇಸವಿ ಮಾತ್ರ ಬದಲಾಗಿತ್ತು. ಪ್ರಗತಿ ಆಗಿದೆಯೋ ಇಲ್ಲವೋ ಎಂದು ಹೇಳಲು ನಮಗೇ ಸಾಧ್ಯವಿರಲಿಲ್ಲ, ಏಕೆಂದರೆ ಹೊರಟ ಜಾಗವನ್ನೇ ನಾವು ಗುರುತು ಮಾಡಿರಲಿಲ್ಲ. ಆ ಸಮಿತಿಯಲ್ಲಿ ನಾನೂ ಸಹಿ ಮಾಡಿದ್ದೆ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಈಗ ಹದಿನಾಲ್ಕು ಲಕ್ಷದ ಮಾತಿಗೆ ಬರೋಣ. ಹತ್ತನೇ ತರಗತಿಯಲ್ಲಿ ಎಲ್ಲರೂ ಓದಿರುವ ಸರಾಸರಿ ಮತ್ತು ಮಧ್ಯಾಂಕದ ಪಾಠ ಇಲ್ಲಿ ಬೇಕಾಗುತ್ತದೆ. ಒಂದು ತರಗತಿಯಲ್ಲಿ ಒಂಬತ್ತು ಮಂದಿಗೆ ಕೆಲಸ ಸಿಕ್ಕಿದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ವರ್ಷದ ಸಂಬಳ ಲಕ್ಷಗಳಲ್ಲಿ ಹೀಗಿದೆ: 2.4, 2.6, 2.8, 3, 3.2, 3.5, 4, 4.5 ಮತ್ತು 14. ಜಾಹೀರಾತಿನಲ್ಲಿ ಬರುವುದು 14. ಸ್ವಲ್ಪ ಸಂಕೋಚವಿರುವವರು ಸರಾಸರಿ ಹೇಳುತ್ತಾರೆ: ಒಟ್ಟು 40ನ್ನು ಒಂಬತ್ತರಿಂದ ಭಾಗಿಸಿದರೆ ಸುಮಾರು 4.44. ಆದರೆ ಒಂಬತ್ತು ಮಂದಿಯಲ್ಲಿ ಏಳು ಮಂದಿಗೆ ಆ ಸರಾಸರಿಯೂ ಸಿಕ್ಕಿಲ್ಲ ಎಂಬುದನ್ನು ಗಮನಿಸಿ. 4.5 ಲಕ್ಷದವರು ಅದನ್ನು ಕೂದಲೆಳೆಯಷ್ಟು ದಾಟಿದ್ದಾರೆ, ಅಷ್ಟೇ. ಸಾಲಿನ ನಟ್ಟನಡುವೆ ಇರುವ ಐದನೆಯವರ ಸಂಬಳ 3.2. ಇದೇ ಮಧ್ಯಾಂಕ. ಹದಿನಾಲ್ಕು ಲಕ್ಷದವರನ್ನು ಬದಿಗಿಟ್ಟು ನೋಡಿದರೆ ಉಳಿದ ಎಂಟು ಮಂದಿಯ ಸರಾಸರಿ 3.25ಕ್ಕೆ ಇಳಿಯುತ್ತದೆ, ಅಂದರೆ ಮಧ್ಯಾಂಕದ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಮುಂದಿನ ವರ್ಷ ಆ ಒಬ್ಬರ ಜಾಗದಲ್ಲಿ 20 ಲಕ್ಷದವರು ಬಂದರೂ ನಡುವಿನವರ ಸಂಬಳದಲ್ಲಿ ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ಹಾಗಿರುವಾಗ ಸಂಸ್ಥೆ ಮುಂದೆ ಬಂದಿತು ಎನ್ನುವುದು ಯಾವ ಲೆಕ್ಕದಿಂದ?

ಆ ಒಬ್ಬರು ಯಾರು ಎಂಬುದನ್ನೂ ವಿಚಾರಿಸಬೇಕು. ಎಂಜಿನಿಯರಿಂಗ್ ಮುಗಿಸಿ ನಾಲ್ಕೈದು ವರ್ಷ ಕೆಲಸ ಮಾಡಿ ನಂತರ ಎಂಬಿಎಗೆ ಬಂದವರಿಗೆ ಸಿಗುವ ಸಂಬಳದಲ್ಲಿ ಆ ಹಿಂದಿನ ಅನುಭವದ ಪಾಲು ದೊಡ್ಡದು. ಬಿಕಾಂ ಮುಗಿಸಿ ನೇರವಾಗಿ ಬರುವ ನಿಮ್ಮ ಮಗಳಿಗೆ ಆ ಅಂಕಿ ಯಾವ ದಾರಿಯನ್ನೂ ತೋರಿಸುವುದಿಲ್ಲ. ಜೊತೆಗೆ ಪ್ಯಾಕೇಜ್ ಎಂದರೆ ಸಾಮಾನ್ಯವಾಗಿ ಸಿಟಿಸಿ, ಅಂದರೆ ಒಬ್ಬ ಉದ್ಯೋಗಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ. ಅದರಲ್ಲಿ ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿಗೆ ಎತ್ತಿಡುವ ಹಣ, ವಿಮೆಯ ಕಂತು, ಗುರಿ ಮುಟ್ಟಿದರೆ ಮಾತ್ರ ಸಿಗುವ ಭಾಗ, ಒಮ್ಮೆ ಮಾತ್ರ ಕೊಡುವ ಸೇರ್ಪಡೆ ಬೋನಸ್ ಎಲ್ಲವೂ ಸೇರಿರಬಹುದು. ತಿಂಗಳ ಕೊನೆಗೆ ಬ್ಯಾಂಕ್ ಖಾತೆಗೆ ಬೀಳುವ ಮೊತ್ತವೇ ಬೇರೆ.

ಶೇಕಡಾವಾರು ಪ್ಲೇಸ್‌ಮೆಂಟ್ ಕೂಡ ಇದೇ ರೀತಿಯ ಮಾತು. ಅರವತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ನಲವತ್ತು ಮಂದಿ ಮಾತ್ರ ಪ್ಲೇಸ್‌ಮೆಂಟ್‌ಗೆ ಹೆಸರು ಕೊಟ್ಟು, ಅವರಲ್ಲಿ 36 ಮಂದಿಗೆ ಕೆಲಸ ಸಿಕ್ಕಿದರೆ ಶೇ. 90 ಎಂದು ಬರೆಯುತ್ತಾರೆ. ಅರವತ್ತಕ್ಕೆ ಹಾಕಿ ನೋಡಿದರೆ ಅದು ಶೇ. 60. ಹೆಸರು ಕೊಡದವರಲ್ಲಿ ಮನೆಯ ವ್ಯಾಪಾರಕ್ಕೆ ಹೋದವರೂ ಇರುತ್ತಾರೆ, ಅಂಕ ಸಾಲದೆ ಹೆಸರು ಕೊಡಲಾಗದವರೂ ಇರುತ್ತಾರೆ. ಇವರಿಬ್ಬರೂ ಒಂದೇ ಅಲ್ಲ. ಇನ್ನು ಕೆಲವೆಡೆ ಎಣಿಸುವುದು ವಿದ್ಯಾರ್ಥಿಗಳನ್ನಲ್ಲ, ಆಫರ್‌ಗಳನ್ನು. ಒಬ್ಬರ ಕೈಯಲ್ಲಿ ಮೂರು ಆಫರ್ ಪತ್ರಗಳಿದ್ದರೆ ಪಟ್ಟಿಯಲ್ಲಿ ಮೂರು ಎಂದಾಗುತ್ತದೆ. ಯಾವುದೇ ಶೇಕಡಾ ಕೇಳಿದಾಗ "ಎಷ್ಟರಲ್ಲಿ?" ಎಂದು ಮರುಪ್ರಶ್ನೆ ಹಾಕುವುದನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಮೊದಲ ವಾರವೇ ಕಲಿಸುತ್ತಿದ್ದೆ. ಪಾಲಕರು ಏಕೆ ಕಲಿಯಬಾರದು?

ಒಳ್ಳೆಯ ಸುದ್ದಿಯೆಂದರೆ ಮಧ್ಯಾಂಕ ಗುಟ್ಟಿನ ಅಂಕಿಯಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಹೆಸರು ಕೊಡುವ ಸಂಸ್ಥೆಗಳು ತಾವು ಸಲ್ಲಿಸಿದ ಮಾಹಿತಿಯನ್ನು ತಮ್ಮ ಜಾಲತಾಣದಲ್ಲಿ ಹಾಕಬೇಕು. ಅದರಲ್ಲಿ ಎಷ್ಟು ಮಂದಿ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಸಂಬಳದ ಮಧ್ಯಾಂಕ ಎಷ್ಟು, ಎಷ್ಟು ಮಂದಿ ಮುಂದೆ ಓದಲು ಹೋದರು ಎಂಬುದೆಲ್ಲ ಒಂದೇ ಕೋಷ್ಟಕದಲ್ಲಿದೆ, ಅದೂ ಕೆಲವು ವರ್ಷಗಳದ್ದು ಒಟ್ಟಿಗೆ. ಒಂದು ಎಚ್ಚರಿಕೆ ಮಾತ್ರ ಬೇಕು: ವಿಶ್ವವಿದ್ಯಾಲಯವು ಒಟ್ಟಾರೆಯಾಗಿ ಸಲ್ಲಿಸಿದ ಕಡತದಲ್ಲಿ ಎರಡು ವರ್ಷದ ಸ್ನಾತಕೋತ್ತರ ಕೋರ್ಸುಗಳೆಲ್ಲ ಒಂದೇ ಸಾಲಿನಲ್ಲಿ ಸೇರಿರುತ್ತವೆ, ಎಂಎ, ಎಂಎಸ್ಸಿ, ಎಂಬಿಎ ಬೇರೆ ಬೇರೆಯಾಗಿ ಕಾಣುವುದಿಲ್ಲ. ಮ್ಯಾನೇಜ್‌ಮೆಂಟ್ ವಿಭಾಗಕ್ಕೆಂದೇ ಸಲ್ಲಿಸಿದ ಕಡತವಿದ್ದರೆ ಅದನ್ನೇ ತೆರೆಯಬೇಕು. ಸರ್ಕಾರಿ ವಿಶ್ವವಿದ್ಯಾಲಯವಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿಯೂ ಕೇಳಬಹುದು. 30 ದಿನಗಳೊಳಗೆ ಉತ್ತರ ಕೊಡಬೇಕೆಂದು 2005ರ ಕಾಯ್ದೆ ಹೇಳುತ್ತದೆ.

ರ‍್ಯಾಂಕನ್ನೇ ನೋಡಿದರೆ ಸಾಲದೇ ಎಂದು ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಎನ್‌ಐಆರ್‌ಎಫ್‌ನ ಮ್ಯಾನೇಜ್‌ಮೆಂಟ್ ಪಟ್ಟಿಯಲ್ಲಿ ಬೋಧನೆ ಮತ್ತು ಸಂಪನ್ಮೂಲಕ್ಕೆ ನೂರರಲ್ಲಿ 30, ಸಂಶೋಧನೆಗೆ 30, ವಿದ್ಯಾರ್ಥಿಗಳ ಫಲಿತಾಂಶ ಹಾಗೂ ಉದ್ಯೋಗಕ್ಕೆ 20, ಒಳಗೊಳ್ಳುವಿಕೆಗೆ 10, ಜನರ ಅಭಿಪ್ರಾಯಕ್ಕೆ 10. ಅಂದರೆ ರ‍್ಯಾಂಕ್ ಏರಿದ್ದು ಸಂಶೋಧನಾ ಲೇಖನಗಳಿಂದಲೂ ಆಗಿರಬಹುದು. ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎರಡು ಸಂಸ್ಥೆಗಳಲ್ಲಿ ನ್ಯಾಕ್ ಇಡೀ ವಿದ್ಯಾಸಂಸ್ಥೆಯನ್ನು ನೋಡುತ್ತದೆ. ಎನ್‌ಬಿಎ ಆಯಾ ಕೋರ್ಸನ್ನು ನೋಡುತ್ತದೆ. ವಿಶ್ವವಿದ್ಯಾಲಯಕ್ಕೆ ನ್ಯಾಕ್‌ನಲ್ಲಿ ಒಳ್ಳೆಯ ಗ್ರೇಡ್ ಬಂದಿದೆ ಎಂದ ಮಾತ್ರಕ್ಕೆ ಅಲ್ಲಿನ ಎಂಬಿಎ ಒಳ್ಳೆಯದೆಂದು ತಿಳಿಯಬಾರದು. ನ್ಯಾಕ್ ಮಾನ್ಯತೆ ಪಡೆದವರು ಪ್ರತಿ ವರ್ಷ ಸಲ್ಲಿಸುವ ಗುಣಮಟ್ಟದ ವರದಿ ಮಾತ್ರ ಓದಲು ಯೋಗ್ಯ, ಏಕೆಂದರೆ ವರ್ಷದಿಂದ ವರ್ಷಕ್ಕೆ ಏನು ಬದಲಾಯಿತು ಎಂಬುದನ್ನು ಅದರಲ್ಲಿ ಹೋಲಿಸಿ ನೋಡಬಹುದು.

ಇಷ್ಟಕ್ಕೆ ನೀವು ಕೇಳಿದ್ದಕ್ಕೆ ಉತ್ತರ ಮುಗಿಯಿತು. ಆದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನ ಮನಸ್ಸಿನಲ್ಲಿ ಬಹಳ ಕಾಲದಿಂದ ಇದೆ: ನಮ್ಮ ಭಾಗದ ಬಿಸಿನೆಸ್ ಸ್ಕೂಲ್‌ಗಳಲ್ಲಿ ಯಾವ ವ್ಯಾಪಾರವನ್ನು ಕಲಿಸುತ್ತಾರೆ? ಯೋಜನೆಯ ಪುಸ್ತಕದಲ್ಲಿ "ಪ್ರಾದೇಶಿಕ ಅಭಿವೃದ್ಧಿ" ಎಂಬ ಆದ್ಯತೆ ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿರುತ್ತದೆ. ಬಿಸಿನೆಸ್ ಸ್ಕೂಲ್‌ಗಳಿಗೆ ಮಾನ್ಯತೆ ಕೊಡುವ ಅಂತಾರಾಷ್ಟ್ರೀಯ ಸಂಸ್ಥೆಯಾದ ಎಎಸಿಎಸ್‌ಬಿ ತನ್ನ 2020ರ ಮಾನದಂಡಗಳಲ್ಲಿ ಸಮಾಜದ ಮೇಲಿನ ಪರಿಣಾಮಕ್ಕೆ ಒತ್ತು ಕೊಟ್ಟಿದೆ. ನಮ್ಮಲ್ಲಿ ಅದು ಇನ್ನೂ ಎನ್‌ಎಸ್‌ಎಸ್ ಶಿಬಿರದ ಮಟ್ಟದಲ್ಲೇ ನಿಂತಿದೆ.

ನಮ್ಮ ಸುತ್ತ ಇರುವುದನ್ನು ನೋಡಿ. ಸಹಕಾರಿ ಪತ್ತಿನ ಸಂಘಗಳ ಕಾಯ್ದೆ 1904ರಲ್ಲಿ ಬಂದರೆ, ಮರುವರ್ಷವೇ ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಸಹಕಾರಿ ಸಂಘ ಹುಟ್ಟಿತು. ಸಾಲಕ್ಕೆ ಅಡವಿಡಲು ಏನೂ ಇಲ್ಲದವರು ಒಬ್ಬರಿಗೊಬ್ಬರು ಜಾಮೀನಾಗಿ ನಿಂತು ಸಂಸ್ಥೆ ಕಟ್ಟುವುದು ಹೇಗೆ ಎಂಬ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ? ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಖಾದಿ ರಾಷ್ಟ್ರಧ್ವಜಕ್ಕೆ ದೇಶದಲ್ಲೇ ಹೆಸರಾಗಿದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಸಿಕ್ಕಿತು. ಕೈಮಗ್ಗದ ಬಟ್ಟೆ, ನಿಗದಿತ ಮಾನಕ, ಅಗ್ಗದ ಪ್ರತಿಸ್ಪರ್ಧಿ, ಒಂದು ಸರ್ಕಾರಿ ಆದೇಶ: ಮಾರುಕಟ್ಟೆ ನೀತಿಯ ಒಂದು ಇಡೀ ಸೆಮಿಸ್ಟರ್‌ಗೆ ಸಾಲುವಷ್ಟು ವಿಷಯ ಅಲ್ಲಿದೆ. ವಿಜಯ ಸಂಕೇಶ್ವರರು 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುಮಾಡಿದ ಸಾಗಣೆ ವ್ಯವಹಾರ 2015ರಲ್ಲಿ ಷೇರುಪೇಟೆಗೆ ಬಂದಿತು. ಇವೆಲ್ಲ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮರಳಬಹುದಾದ ಜಾಗಗಳು. ಆದರೂ "ಇಂಡಸ್ಟ್ರಿಯಲ್ ವಿಸಿಟ್" ಎಂದರೆ ಬೆಂಗಳೂರು ಅಥವಾ ಗೋವಾ ಎಂದೇ ಆಗಿದೆ.

ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಪ್ರಾಜೆಕ್ಟ್‌ಗೆ ಮೊಬೈಲ್ ಕಂಪನಿಯೊಂದರ ಗ್ರಾಹಕ ತೃಪ್ತಿಯ ವಿಷಯ ಆರಿಸಿಕೊಂಡಿದ್ದಳು. ನೂರು ಪ್ರಶ್ನಾವಳಿ, ನಾಲ್ಕು ಪೈ ಚಾರ್ಟ್, ಕೊನೆಗೆ ಸೇವೆ ಸುಧಾರಿಸಬೇಕೆಂಬ ಸಲಹೆ. ಇಂಥ ವರದಿಗಳನ್ನು ನಾನು ಲೆಕ್ಕವಿಲ್ಲದಷ್ಟು ತಿದ್ದಿದ್ದೇನೆ. ಮನೆಯಲ್ಲಿ ಏನು ಬೆಳೆಯುತ್ತೀರಿ ಎಂದು ಕೇಳಿದಾಗ ಬ್ಯಾಡಗಿ ಮೆಣಸಿನಕಾಯಿ ಎಂದಳು. ಮಾರುಕಟ್ಟೆಗೆ ಒಯ್ದ ದಿನ ದರ ಕಡಿಮೆಯಿದ್ದರೆ ನಿಮ್ಮಪ್ಪ ಏನು ಮಾಡುತ್ತಾರೆ ಎಂದೆ. ಒಮ್ಮೊಮ್ಮೆ ಮಾರುತ್ತಾರೆ, ಒಮ್ಮೊಮ್ಮೆ ಕೋಲ್ಡ್ ಸ್ಟೋರೇಜ್‌ಗೆ ಹಾಕುತ್ತಾರೆ ಎಂದಳು. ಯಾವಾಗ ಮಾರಬೇಕು, ಯಾವಾಗ ಇಡಬೇಕು ಎಂಬುದನ್ನು ಹೇಗೆ ತೀರ್ಮಾನಿಸುತ್ತಾರೆ ಎಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಪ್ರಾಜೆಕ್ಟ್ ಆಗ್ತೈತೇನ್ರಿ ಸರ?" ಎಂದಳು.

ಆಯಿತು. ಕಡ್ಡಿ ತಳಿಗೂ ಡಬ್ಬಿ ತಳಿಗೂ ಸಿಗುವ ದರದ ಅಂತರ, ತೇವ ಹೆಚ್ಚಿದ್ದರೆ ಕಡಿತವಾಗುವ ದರ, ಚೀಲಕ್ಕೆ ಕೋಲ್ಡ್ ಸ್ಟೋರೇಜ್ ಬಾಡಿಗೆ, ಇಟ್ಟಷ್ಟು ದಿನ ಸಾಲದ ಮೇಲೆ ಬೆಳೆಯುವ ಬಡ್ಡಿ, ಬಣ್ಣವನ್ನು ನೋಡಿ ಕೊಳ್ಳುವ ಓಲಿಯೋರೆಸಿನ್ (ಮೆಣಸಿನಕಾಯಿಯಿಂದ ತೆಗೆಯುವ ಸಾರ) ಕಾರ್ಖಾನೆಗಳ ಬೇಡಿಕೆ, ಇವೆಲ್ಲವನ್ನೂ ಆಕೆ ಎರಡು ತಿಂಗಳು ಮಾರುಕಟ್ಟೆಯಲ್ಲಿ ಓಡಾಡಿ ಬರೆದುಕೊಂಡಳು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಸಿಕ್ಕ ಸಂಗತಿ ತನ್ನ ಊರಿನ ಎಷ್ಟು ರೈತರಿಗೆ ಗೊತ್ತು ಎಂದೂ ವಿಚಾರಿಸಿದಳು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹತ್ತು ನಿಮಿಷದ ಬದಲು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು, ಏಕೆಂದರೆ ಅವರಿಗೇ ಗೊತ್ತಿರದ ವಿಷಯ ಅದರಲ್ಲಿತ್ತು.

ಆದ್ದರಿಂದ ಮಗಳನ್ನು ಕರೆದುಕೊಂಡು ಕ್ಯಾಂಪಸ್ ನೋಡಲು ಹೋದಾಗ ಸೆಮಿನಾರ್ ಹಾಲ್ ತೋರಿಸಿದ ಮೇಲೆ ಗ್ರಂಥಾಲಯಕ್ಕೂ ಹೋಗಿ, ಕಳೆದ ಮೂರು ವರ್ಷಗಳ ಪ್ರಾಜೆಕ್ಟ್ ವರದಿಗಳನ್ನು ತೋರಿಸಿ ಎಂದು ಕೇಳಿ. ಶೀರ್ಷಿಕೆಗಳನ್ನು ಓದಲು ಕಾಲು ಗಂಟೆ ಸಾಕು. ಆ ವಿದ್ಯಾರ್ಥಿನಿಯ ವರದಿಯ ಒಂದು ಪುಟಕ್ಕೆ ಆಕೆಯ ತಂದೆ ಬಾಲ್ ಪೆನ್ನಿನಲ್ಲಿ ಬರೆದ ಲೆಕ್ಕದ ಚೀಟಿಯನ್ನು ಹಾಗೆಯೇ ಅಂಟಿಸಲಾಗಿದೆ; ಚೀಲ, ತೂಕ, ದರ, ಹಮಾಲಿ ಎಂದು ನಾಲ್ಕು ಸಾಲು, ಅದರ ಪಕ್ಕದಲ್ಲಿ ಮಗಳು ಪೆನ್ಸಿಲಿನಲ್ಲಿ ಸೇರಿಸಿದ ಐದನೆಯ ಸಾಲು: ಬಡ್ಡಿ.