ಎರವಲು ವೇಷ ಕಳಚಿದ ಹೀರೋಗಳು: ಡೋಟಾ ಪಟ್ಟಿ ಬೆಳೆದ ಬಗೆ

ಡೋಟಾ 2 ಎಂಬ ಕಂಪ್ಯೂಟರ್ ಆಟ ಆಡುವ ಹಳಬರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ನೋಡಿ. ಪರದೆಯ ಮೇಲೆ ‘ನೇಚರ್ಸ್ ಪ್ರಾಫೆಟ್’ ಎಂದು ಬರೆದಿರುವ ಹೀರೋವನ್ನು (ಆಟಗಾರ ಆಡಿಸುವ ಪಾತ್ರವನ್ನು) ಅವರು ‘ಫ್ಯೂರಿಯನ್’ ಎಂದೇ ಕರೆಯುತ್ತಾರೆ. ನಿಲ್ದಾಣದ ಹೆಸರು ಬದಲಾದ ಮೇಲೂ ಕಂಡಕ್ಟರ್ ಹಳೆಯ ಹೆಸರನ್ನೇ ಕೂಗುವ ಹಾಗೆ. ಈ ಎರಡು ಹೆಸರುಗಳ ನಡುವೆ ಒಂದು ವ್ಯಾಜ್ಯವಿದೆ. ಅದರ ಹಿಂದೆ, ಇನ್ನೊಬ್ಬರ ಮೇಳದ ಪೆಟ್ಟಿಗೆಯಿಂದ ವೇಷ ತಂದು ಕುಣಿದ ಹುಡುಗರ ಕಥೆಯಿದೆ.

ಬ್ಲಿಜಾರ್ಡ್ ಕಂಪನಿ 2002ರಲ್ಲಿ ‘ವಾರ್‌ಕ್ರಾಫ್ಟ್ 3’ ಬಿಡುಗಡೆ ಮಾಡಿದಾಗ, ಆಟಗಾರರು ತಮ್ಮದೇ ಮ್ಯಾಪ್ (ಆಟದ ಅಂಗಳ) ಕಟ್ಟಿಕೊಳ್ಳುವ ಸಲಕರಣೆಯನ್ನೂ ಜೊತೆಗೇ ಕೊಟ್ಟಿತು. ಯೂಲ್ ಎಂಬ ಅಡ್ಡಹೆಸರಿನ ಆಟಗಾರ ಅದರಲ್ಲಿ ‘ಡಿಫೆನ್ಸ್ ಆಫ್ ದಿ ಏನ್ಷೆಂಟ್ಸ್’, ಚಿಕ್ಕದಾಗಿ ‘ಡೋಟಾ’, ಕಟ್ಟಿದ. ಅದನ್ನು ನೋಡಿ ಹತ್ತಾರು ಮಂದಿ ತಂತಮ್ಮ ಆವೃತ್ತಿ ಮಾಡಿದರು. ಅವುಗಳಲ್ಲಿ ಜನ ಮೆಚ್ಚಿದ ಹೀರೋಗಳನ್ನು ಹೆಕ್ಕಿ ಒಂದೇ ಮ್ಯಾಪಿಗೆ ಸುರಿದದ್ದೇ ‘ಡೋಟಾ ಆಲ್‌ಸ್ಟಾರ್ಸ್’. ಅದನ್ನು ಬೆಳೆಸಿದವರು ಗ್ವಿನ್ಸೂ ಎಂದು ಹೆಸರಾದ ಸ್ಟೀವ್ ಫೀಕ್. (ಗುಹೆಯಲ್ಲಿ ಕಾದು ಕುಳಿತ ದೈತ್ಯ ರೋಶನ್‌ಗೆ ಅವರು ಇಟ್ಟದ್ದು ತಮ್ಮ ಬೌಲಿಂಗ್ ಚೆಂಡಿನ ಹೆಸರನ್ನು. ಆ ಕಾಲದ ಕೆಲಸದ ಧಾಟಿ ತಿಳಿಯಲು ಇಷ್ಟು ಸಾಕು.) 2005ರ ಹೊತ್ತಿಗೆ ಮ್ಯಾಪ್ ಐಸ್‌ಫ್ರಾಗ್ ಎಂಬ ಅಡ್ಡಹೆಸರಿನವನ ಕೈಗೆ ಬಂತು.

ಹೀರೋಗಳ ಪಟ್ಟಿ ಆಗ ಸರಸರನೆ ಬೆಳೆಯಿತು. ಹೊಸ ಹೀರೋ ಬೇಕೆಂದರೆ ಯಾರೂ ಚಿತ್ರ ಬರೆಯಬೇಕಿರಲಿಲ್ಲ, ಮೈ ಸಿದ್ಧವಿತ್ತು. ವಾರ್‌ಕ್ರಾಫ್ಟ್‌ನ ಕೋವಿಧಾರಿ ಕುಳ್ಳನೇ ಇಲ್ಲಿ ಸ್ನೈಪರ್. ಹೊಲಿಗೆ ಹಾಕಿದ ಹೆಣದಂತಿದ್ದ ಅಬಾಮಿನೇಷನ್‌ಗೆ ಕೊಕ್ಕೆ ಕೊಟ್ಟರೆ ಪಜ್. ಹೆಸರು, ನಾಲ್ಕು ವಿದ್ಯೆ, ಒಂದಷ್ಟು ಅಂಕಿಗಳು ಸೇರಿದರೆ ಹೀರೋ ತಯಾರು. ಆನ್‌ಲೈನ್‌ನಲ್ಲಿ ಆಡುವ ಮ್ಯಾಪ್ ಕೆಲವೇ ಎಂಬಿ ಮೀರುವಂತಿರಲಿಲ್ಲವಾದ್ದರಿಂದ ಎರವಲು ಮೈಯೇ ಅನುಕೂಲವೂ ಆಗಿತ್ತು.

ತೊಡಕು ಶುರುವಾದದ್ದು ದುಡ್ಡು ಬಂದ ಮೇಲೆ. ಐಸ್‌ಫ್ರಾಗ್‌ನನ್ನು 2009ರಲ್ಲಿ ವಾಲ್ವ್ ಕಂಪನಿ ಸೇರಿಸಿಕೊಂಡಿತು. ಮರುವರ್ಷ ಡೋಟಾ 2 ಘೋಷಣೆಯಾಯಿತು. ‘ಡೋಟಾ’ ಹೆಸರು ಯಾರದು ಎಂದು ಬ್ಲಿಜಾರ್ಡ್ ತಕರಾರು ತೆಗೆಯಿತು. 2012ರ ಮೇ ತಿಂಗಳಲ್ಲಿ ರಾಜಿಯಾಗಿ ವ್ಯಾಪಾರದ ಮಟ್ಟಿಗೆ ಆ ಹೆಸರು ವಾಲ್ವ್‌ಗೆ ಉಳಿಯಿತು. ಆದರೆ ಮುಖಗಳು? ಹೀರೋಗಳ ರೂಪವನ್ನೆಲ್ಲ ಹೊಸದಾಗಿ ತಿದ್ದಬೇಕಾಯಿತು, ಕೆಲವು ಹೆಸರುಗಳೂ ಹೋದವು. ವಿಂಡ್‌ರನ್ನರ್ ಎಂಬುದು ವಾರ್‌ಕ್ರಾಫ್ಟ್‌ನ ಒಂದು ಮನೆತನದ ಹೆಸರು; ಅವಳು ವಿಂಡ್‌ರೇಂಜರ್ ಆದಳು.

ಇದರಲ್ಲಿ ನನಗೆ ಇಷ್ಟವಾದದ್ದು ಸ್ಕೆಲಿಟನ್ ಕಿಂಗ್‌ನ ಪ್ರಸಂಗ. 2013ರ ಡಿಸೆಂಬರಿನಲ್ಲಿ ವಾಲ್ವ್ ಅವನ ಮೂಳೆಯ ದೇಹ ಬಿಡಿಸಿ, ಹಸಿರು ಹೊಳಪಿನ ಪ್ರೇತರಾಜ ರೇತ್ ಕಿಂಗ್ ಆಗಿ ಮರಳಿ ಕರೆತಂದಿತು. ಅದಕ್ಕೊಂದು ಹಬ್ಬವನ್ನೇ ಏರ್ಪಡಿಸಿ, ಆಟಗಾರರಿಂದಲೇ ಪಟ್ಟಾಭಿಷೇಕಕ್ಕೆ ಕಾವಲು ಹಾಕಿಸಿತು. ಸತ್ತರೂ ಎದ್ದು ಬರುವುದೇ ಅವನ ವಿದ್ಯೆ ಎಂಬುದನ್ನು ನೆನೆದರೆ, ಕಾನೂನಿನ ಇಕ್ಕಟ್ಟನ್ನು ಇದಕ್ಕಿಂತ ಚೆನ್ನಾಗಿ ಕಥೆಯಾಗಿಸಲು ಸಾಧ್ಯವಿರಲಿಲ್ಲ.

ಫೀಕ್ ಸೇರಿದ ರಯಟ್ ಗೇಮ್ಸ್ ಬೇರೆ ದಾರಿ ಹಿಡಿಯಿತು. 2009ರ ಅಕ್ಟೋಬರ್‌ನಲ್ಲಿ 40 ಪಾತ್ರಗಳೊಂದಿಗೆ ಬಂದ ಅದರ ಇದೇ ಬಗೆಯ ಆಟ ‘ಲೀಗ್ ಆಫ್ ಲೆಜೆಂಡ್ಸ್’ 2012ರಲ್ಲೇ ನೂರು ದಾಟಿತು. ಅಲ್ಲಿ ಆಟ ಉಚಿತ, ಪಾತ್ರಗಳನ್ನು ಮಾತ್ರ ಒಂದೊಂದಾಗಿ ಗಳಿಸಬೇಕು ಇಲ್ಲವೇ ಕೊಳ್ಳಬೇಕು. ಅಂಗಡಿಗೆ ಹೊಸ ಸರಕು ಬರುತ್ತಲೇ ಇರಬೇಕಲ್ಲ! ನಮ್ಮ ಕಡೆಯ ಕಳರಿಪಯಟ್ಟಿನ ಉರುಮಿಯಂಥ ಸುತ್ತುಕತ್ತಿ ಬೀಸುವ ನೀಲಾ 2022ರಲ್ಲಿ ಆ ಪಟ್ಟಿಗೆ ಸೇರಿದಳು. ಡೋಟಾ 2ರಲ್ಲಾದರೋ ಎಲ್ಲ ಹೀರೋಗಳೂ ಮೊದಲ ದಿನದಿಂದ ಎಲ್ಲರಿಗೂ ಉಚಿತ; ಮಾರುವುದು ಉಡುಗೆ ತೊಡುಗೆಯನ್ನು. ಹೀಗಾಗಿ ಪಟ್ಟಿ ಬೆಳೆಸುವ ಅವಸರ ಇರಲಿಲ್ಲ.

ಹಳೆಯ ಮ್ಯಾಪಿನಿಂದ ಕೊನೆಯದಾಗಿ ಬಂದವನು ಪಿಟ್ ಲಾರ್ಡ್. ಅವನೂ 2016ರ ಆಗಸ್ಟ್‌ನಲ್ಲಿ ಅಂಡರ್‌ಲಾರ್ಡ್ ಎಂದು ಹೆಸರು ಬದಲಿಸಿಕೊಂಡೇ ಕಾಲಿಟ್ಟ. ಅಲ್ಲಿಗೆ 112. ಅದೇ ಡಿಸೆಂಬರಿನಲ್ಲಿ ಬಂದ 113ನೆಯವನು ಮಂಕಿ ಕಿಂಗ್, ಹಳೆಯ ಮ್ಯಾಪಿನಲ್ಲಿ ಇಲ್ಲದಿದ್ದ ಮೊದಲ ಹೀರೋ. ಚೀನಾದ ಕಪಿವೀರ ಸುನ್ ವುಕಾಂಗ್‌ನ ಅಚ್ಚು. ಅವನು ಮರದಿಂದ ಮರಕ್ಕೆ ಜಿಗಿಯುತ್ತಾನೆ, ಎಲೆಗಳ ಮರೆಯಲ್ಲಿ ಹೊಂಚು ಹಾಕುತ್ತಾನೆ. ಆದರೆ ಕೂತ ಮರ ಉರುಳಿದರೆ ದೊಪ್ಪೆಂದು ಬಿದ್ದು ಕೆಲವು ಸೆಕೆಂಡು ಮಂಕಾಗುತ್ತಾನೆ. ಈ ಆಟದಲ್ಲಿ ಟ್ಯಾಂಗೊ ಎಂಬ ಅಗ್ಗದ ವಸ್ತುವಿದೆ; ಕೈಯಲ್ಲಿದ್ದರೆ ಯಾವ ಹೀರೋ ಬೇಕಾದರೂ ಒಂದು ಮರವನ್ನೇ ತಿಂದು ಗಾಯ ಮಾಯಿಸಿಕೊಳ್ಳಬಹುದು. ಅಷ್ಟು ವರ್ಷ ಬರೀ ಪಥ್ಯವಾಗಿದ್ದ ಅದು ಒಂದೇ ದಿನದಲ್ಲಿ ಕಪಿಯನ್ನು ಕೆಡವುವ ಆಯುಧವಾಯಿತು. ಮರ ಕಡಿಯುವುದನ್ನೇ ಕಸುಬು ಮಾಡಿಕೊಂಡ ಟಿಂಬರ್‌ಸಾ ಎಂಬ ಹೀರೋನ ಬೆಲೆಯೂ ಬದಲಾಯಿತು.

ಪಟ್ಟಿ ಉದ್ದವಾದಷ್ಟೂ ಬೆಳವಣಿಗೆ ನಿಧಾನವಾಗುವುದಕ್ಕೆ ಕಾರಣ ಇಲ್ಲಿದೆ. ಹತ್ತು ಹೀರೋಗಳಿದ್ದಾಗ ಜೋಡಿಗಳು 45. 126 ಇದ್ದರೆ 7,875. ಹೊಸಬನೊಬ್ಬ ಬಂದರೆ ಹಳಬರೊಬ್ಬೊಬ್ಬರ ಎದುರೂ, ಜೊತೆಯಲ್ಲೂ ಅವನನ್ನು ತೂಗಿ ನೋಡಬೇಕು. ಆದ್ದರಿಂದಲೇ ಪಂದ್ಯಾವಳಿಗಳು ನಡೆಯುವ ಕ್ಯಾಪ್ಟನ್ಸ್ ಮೋಡ್‌ಗೆ ಹೊಸ ಹೀರೋವನ್ನು ಸಾಮಾನ್ಯವಾಗಿ ಕೂಡಲೇ ಬಿಡುವುದಿಲ್ಲ. ಕೆಲವು ಕಾಲ ಸಾಮಾನ್ಯ ಆಟಗಳಲ್ಲಿ ಪಳಗಿ ಬರಬೇಕು. ಹೀಗಾಗಿ ಹೊಸದಾಗಿ ಬಂದವರು 2017ರಲ್ಲಿ ಇಬ್ಬರು, 2018ರಲ್ಲಿ ಒಬ್ಬನೇ, 2023ರಲ್ಲಿ ಒಬ್ಬಳೇ.

126ನೆಯವನಾಗಿ 2024ರ ನವೆಂಬರ್‌ನಲ್ಲಿ ಬಂದವನು ಹಕ್ಕಿಮುಖದ ಕತ್ತಿವರಸೆಗಾರ ಕೆಝ್. ಕಟಾನಾ ಎಂಬ ಜಪಾನಿ ಕತ್ತಿ ಕೆಳಗಿಟ್ಟು ‘ಸಾಯ್’ ಎಂಬ ಕವಲುಚೂರಿಗಳನ್ನು ಎತ್ತಿಕೊಂಡರೆ ಅವನ ವಿದ್ಯೆಗಳೆಲ್ಲ ಬದಲಾಗುತ್ತವೆ. ಲೆಕ್ಕಕ್ಕೆ ಒಬ್ಬ, ಎದುರು ನಿಂತು ಆಡುವವರಿಗೆ ಇಬ್ಬರು.